ಅಪ್ಪನಿಗೊಂದು ಲ್ಯಾವೆಂಡರ್ ಸಾಲು

"ನೀವು ಗಿಡ ಮಾರ್ತೀರೋ, ಹೆಣ ಮಾರ್ತೀರೋ?"

ಒಣಗಿ ಕಡ್ಡಿಯಾಗಿದ್ದ ಎರಡು ಲ್ಯಾವೆಂಡರ್ ಗಿಡಗಳನ್ನು ಅವಳು ನರ್ಸರಿಯ ಮೇಜಿನ ಮೇಲೆ ಕುಕ್ಕಿದಳು.

ನರ್ಸರಿಯವನು ಬೇರನ್ನು ಬೆರಳಲ್ಲಿ ಹಿಸುಕಿ ನೋಡಿದ. "ಕೊಳೆತುಹೋಗಿದೆ. ದಿನಾ ನೀರು ಹಾಕಿದ್ರಾ?"

"ಮತ್ತೆ? ಅಂಥ ಬಿಸಿಲಲ್ಲಿ ಉಪವಾಸ ಕೆಡವಲಾ?"

"ಇದು ಒಣ ನೆಲದ ಗಿಡ ಕಣ್ರೀ. ಬಿಸಿಲು ಬೇಕು, ಮುದ್ದು ಬೇಡ."

ನಗ್ತಾನೆ ಬೇರೆ! ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಮರುಕ್ಷಣವೇ ಆ ಒಣ ಕಡ್ಡಿಗಳನ್ನು ತನ್ನತ್ತ ಎಳೆದುಕೊಂಡಳು.

"ನಮ್ಮಪ್ಪನಿಗೋಸ್ಕರ ಬೆಳೆಸ್ತಿದ್ದೆ."

ಅವಳಪ್ಪ ನಲವತ್ತು ವರ್ಷ ಟೈಲರ್ ಆಗಿದ್ದವರು. ಹೋದ ವರ್ಷ ಎರಡೂ ಕಣ್ಣು ಹೋದವು. ಅಂದಿನಿಂದ ಕೋಣೆ ಬಿಟ್ಟು ಕದಲಿಲ್ಲ. ಕನ್ನಡಕದಂಗಡಿಯಲ್ಲಿ ಊರವರ ಕಣ್ಣು ಪರೀಕ್ಷಿಸುವ ಮಗಳಿಗೆ ಸ್ವಂತ ಅಪ್ಪನಿಗೆ ಏನೂ ಮಾಡಲಾಗದ ಸಂಕಟ. ಬಾಗಿಲಿಂದ ಗೇಟಿನವರೆಗೆ ಪರಿಮಳದ ಸಾಲೊಂದಿದ್ದರೆ ಅದರ ಜಾಡು ಹಿಡಿದಾದರೂ ಹೊರಗೆ ಬಂದಾರೇನೋ ಎಂಬ ಆಸೆ.

ಇದನ್ನೆಲ್ಲ ಕೇಳಿದ ನರ್ಸರಿಯವನು ಆ ಭಾನುವಾರ ತಾನೇ ಅವಳ ಮನೆಗೆ ಬಂದ. ಜಲ್ಲಿ, ಮರಳು ಬೆರೆಸಿ ಏರಿ ಕಟ್ಟಿ ಹನ್ನೆರಡು ಸಸಿ ನೆಟ್ಟ. "ಬೇರು ಹಿಡಿದ ಮೇಲೆ ಹತ್ತು ದಿನಕ್ಕೊಂದು ಸಲ ನೀರು ಸಾಕು."

ಮುಂದಿನ ಭಾನುವಾರವೂ ಬಂದ. ಅದರ ಮುಂದಿನದೂ... ಅವನು ಬರುವ ಹೊತ್ತಿಗೆ ಕನ್ನಡಿಯ ಮುಂದೆ ನಿಂತಿರುತ್ತಿದ್ದ ತನ್ನನ್ನು ಕಂಡು ಅವಳಿಗೇ ನಾಚಿಕೆ!

ಆದರೆ ಗಿಡಗಳು? ಒಂದೊಂದೇ ಹಳದಿಯಾಗಿ, ಬುಡ ಕಪ್ಪಾಗಿ ಸಾಯತೊಡಗಿದವು. ಅವನು ಸತ್ತದ್ದನ್ನು ಕಿತ್ತು ಹೊಸದು ನೆಡುತ್ತಿದ್ದ. ಎಂಟನೆಯ ಗಿಡವೂ ಸತ್ತ ದಿನ ಅವಳ ತಾಳ್ಮೆ ಮುಗಿಯಿತು.

"ನೀವು ಹೇಳಿದ್ದಕ್ಕಿಂತ ಒಂದು ತೊಟ್ಟು ಜಾಸ್ತಿ ಹಾಕಿಲ್ಲ. ಆದ್ರೂ ಯಾಕೆ ಸಾಯ್ತಿವೆ?"

ಅವನು ಒಮ್ಮೆ ಅಪ್ಪನ ಕಿಟಕಿಯತ್ತ ನೋಡಿದ. "ನನ್ನದೇ ತಪ್ಪಿರಬೇಕು."

"ತಪ್ಪಲ್ಲ, ಆಟ! ಗಿಡ ಸಾಯ್ತಾ ಇದ್ರೆ ತಾನೇ ನಿಮಗೆ ಇಲ್ಲಿಗೆ ಬರೋಕೆ ನೆಪ? ಇನ್ನು ಬರಬೇಡಿ!"

ಅವನ ಮುಖ ಕಪ್ಪಿಟ್ಟಿತು. ಸಲಿಕೆ ಎತ್ತಿಕೊಂಡು ಹೊರಟೇಬಿಟ್ಟ.

ಮೂರು ಭಾನುವಾರ ಖಾಲಿ ಹೋದವು. ಛೇ, ಹಾಳು ಗಿಡ... ಹಾಳು ನಾಲಿಗೆ!

ಒಂದು ಬುಧವಾರ ಅಂಗಡಿಯಲ್ಲಿ ಕರೆಂಟ್ ಕೈಕೊಟ್ಟಿತು. ಮಧ್ಯಾಹ್ನವೇ ಮನೆಗೆ ಬಂದವಳು ಗೇಟಿನಲ್ಲೇ ಕಲ್ಲಾಗಿ ನಿಂತಳು.

ಅಪ್ಪ ಅಂಗಳದಲ್ಲಿದ್ದರು! ಒಂದು ಕೈ ಗೋಡೆಯ ಮೇಲೆ, ಇನ್ನೊಂದರಲ್ಲಿ ನೀರಿನ ಮಗ್. ಹೆಜ್ಜೆ ಎಣಿಸುತ್ತ, ಬಗ್ಗಿ, ಎಲೆ ತಡವಿ ಮೂಸಿ, "ಕುಡಿಯಮ್ಮಾ" ಎನ್ನುತ್ತ ಬುಡಕ್ಕೆ ಸುರಿಯುತ್ತಿದ್ದರು.

"ಅಪ್ಪಾ!"

"ಅಯ್ಯೋ, ನೋಡಿಬಿಟ್ಯಾ? ದಿನಾ ಹೀಗೆ ನೀರು ಹಾಕ್ತಾ, ಪೂರ್ತಿ ಗೇಟಿನವರೆಗೆ ನಡೆಯೋದು ಕಲಿತ ಮೇಲೆ ಹೇಳೋಣ ಅಂತಿದ್ದೆ. ಸಸಿ ತಂದಿಡೋಕೆ ಬಂದ ಆ ಹುಡುಗ ಒಂದಿನ ನೋಡಿದ್ದ. ಯಾರಿಗೂ ಹೇಳಲ್ಲ ಅಂತ ಮಾತು ತಗೊಂಡಿದ್ದೆ."

"ನೀರು ಹಾಕಬೇಡಿ ಅಂತ ಅವ್ರು ಹೇಳಲಿಲ್ವಾ?"

"ಇಲ್ವಲ್ಲಾ... ಯಾಕೆ?"

ಅವಳು ಬ್ಯಾಗನ್ನೂ ಕೆಳಗಿಡದೆ ನರ್ಸರಿಗೆ ಓಡಿದಳು.

"ಯಾಕೆ ಹೇಳಲಿಲ್ಲ? ನಾನು ಅಷ್ಟೆಲ್ಲಾ ಬೈದೆ!"

ಕುಂಡಕ್ಕೆ ಮಣ್ಣು ತುಂಬುತ್ತಿದ್ದವನು ಕೈ ಒರೆಸಿಕೊಂಡ. "ವರ್ಷದಿಂದ ಕೋಣೆ ಬಿಡದವರು ನೀರು ಹಾಕೋಕೆ ಅಂತ ಹೊರಗೆ ಬಂದ್ರು. ಗಿಡ ಇನ್ನೊಂದು ತರಬಹುದು. ಆ ಹೆಜ್ಜೆ ಮತ್ತೆ ಎಲ್ಲಿಂದ ತರಲಿ?"

ಅವಳ ಕಣ್ಣು ತುಂಬಿ ಹರಿಯಿತು. "ನಾನು ನೆಪ ಅಂದೆನಲ್ಲ... ಕ್ಷಮಿಸಿ."

"ಅದು ಪೂರ್ತಿ ಸುಳ್ಳೇನಲ್ಲ," ಅವನು ತಲೆ ತಗ್ಗಿಸಿದ. "ಭಾನುವಾರ ಯಾವಾಗ ಬರುತ್ತೋ ಅಂತ ನಾನೂ ಕಾಯ್ತಿದ್ದೆ."

"ನಾನೂ..." ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಅವನು ಪಕ್ಕದ ಲ್ಯಾವೆಂಡರ್ ಕುಂಡವೊಂದನ್ನು ಮುಟ್ಟಿ ಹೇಳಿದ: "ನಿಮ್ಮಪ್ಪಂದು ಕತ್ತರಿ ಹಿಡಿದ ಕೈ. ಹೂ ಮುಗಿದ ಮೇಲೆ ಇದನ್ನ ದುಂಡಗೆ ಕತ್ತರಿಸಬೇಕು. ಅಲ್ಲೀವರೆಗೆ ಎಲೆ ಮುಟ್ಟಿ ದಿನಾ ಆರೋಗ್ಯ ನೋಡಲಿ. ನೀರಿನ ಬದಲು ಆ ಕೆಲಸ ಕೊಡೋಣ."

"ಕೊಡೋಣ" ಎಂದನಲ್ಲ! ಅವಳ ಮುಖ ಅರಳಿತು.

"ಬನ್ನಿ, ನೀವೇ ಅಪ್ಪನಿಗೆ ಹೇಳಿ. ಎಲ್ಲಾನೂ..."

"ಎಲ್ಲಾನೂ ಅಂದ್ರೆ? ನನಗೆ ಭಯ ಆಗುತ್ತಪ್ಪ!"

"ನಾನು ಪಕ್ಕದಲ್ಲೇ ಇರ್ತೀನಿ."

"ಇವತ್ತು ಮಾತ್ರಾನಾ?"

ಅವಳು ಮಣ್ಣು ಮೆತ್ತಿದ ಅವನ ಕೈ ಹಿಡಿದಳು.

"ಇಲ್ಲ... ಇನ್ಮೇಲೆ ಯಾವಾಗ್ಲೂ."