ದಬ್ಬಳದ ಹದಿನಾಲ್ಕು ತೂತು

"ಸೋರ್ತಿದೆ" ಎಂದು ಆ ಸರ್ವೇಯರ್ ಒದ್ದೆ ಬೂಟನ್ನು ಕೌಂಟರಿನ ಮೇಲಿಟ್ಟಾಗ ಅವಳು ಮೊದಲು ನೋಡಿದ್ದು ಬೂಟನ್ನಲ್ಲ, ಅವನ ಮುಖವನ್ನು. ನೋಡಿ ಮೂಗು ಮುರಿದಳು. ಎರಡು ತಿಂಗಳಲ್ಲಿ ಅವನು ಬಂದದ್ದು ಇದು ನಾಲ್ಕನೆಯ ಸಲ, ಅದೇ ಬೂಟು; ಸೋರುವ ರಾಗ ಮೂರನೆಯ ಸಲ.

ಅದು ಅವಳ ದೊಡ್ಡಪ್ಪನ ಬೂಟು ರಿಪೇರಿ ಅಂಗಡಿ. ಮುಂದೆ ಕೂತು ಮಾತಾಡುವುದು ದೊಡ್ಡಪ್ಪ, ಒಳಗೆ ಕೂತು ಹೊಲಿಯುವುದು ಇವಳು. ಚರ್ಮ ಚುಚ್ಚುವ ದಪ್ಪ ಸೂಜಿಗೆ ದಬ್ಬಳ ಎನ್ನುತ್ತಾರಲ್ಲ, ಬೀದಿಯವರು ಇವಳಿಗಿಟ್ಟ ಹೆಸರೂ ಅದೇ. ಅವಳಿಗೆ ಅದು ಗೊತ್ತು, ಬೇಸರವೇನಿಲ್ಲ. ಚುಚ್ಚದ ಸೂಜಿ ಇದ್ದರೆಷ್ಟು, ಬಿಟ್ಟರೆಷ್ಟು.

ಬೆಟ್ಟ ಹತ್ತುವ ಗಿರಾಕಿಗಳೆಂದರೆ ಅವಳಿಗೆ ಮೊದಲಿನಿಂದಲೂ ತಾತ್ಸಾರ. ಬಣ್ಣ ನೋಡಿ ಬೂಟು ಕೊಳ್ಳುವ ಜನ. ಡಬ್ಬದ ಮೇಲೆ ವಾಟರ್‌ಪ್ರೂಫ್ ಎಂದು ಬರೆದಿದ್ದರೆ ಅವರಿಗೆ ಅದೇ ವೇದವಾಕ್ಯ. ಒಂದೇ ತುಂಡು ಚರ್ಮವೋ ಹತ್ತು ಕಡೆ ಜೋಡಿಸಿದ್ದೋ ನೋಡುವುದಿಲ್ಲ. ದಪ್ಪ ಸಾಕ್ಸ್ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡುವುದಿಲ್ಲ. ಬೂಟು ಒದ್ದೆಯಾದರೆ ಹೀಟರಿನ ಮುಂದಿಟ್ಟು ಕರಕಲು ಮಾಡಿ, ಚರ್ಮ ಬಿರಿದ ಮೇಲೆ ಕಂಪನಿಗೆ ಬೈಯುತ್ತಾರೆ. ಇಂಥವರ ಪೈಕಿ ಈ ಸರ್ವೇಯರ್ ತೀರಾ ಕಡೆಯವನು ಎಂದು ಅವಳು ತೀರ್ಮಾನ ಮಾಡಿಯಾಗಿತ್ತು.

ಆದರೆ ಆ ತೀರಾ ಕಡೆಯವನು ಇವತ್ತು ನಾಲ್ಕು ಗಂಟೆಯ ಬಸ್ಸಿಗೆ ಹೊರಟಿದ್ದ. ಬೆಟ್ಟದ ಮೇಲಿನ ಕ್ಯಾಂಪಿನಲ್ಲಿ ಎಂಟು ತಿಂಗಳು ಅಳತೆಯ ಕೆಲಸ. ಬೆಳಿಗ್ಗೆ ದೊಡ್ಡಪ್ಪ ಈ ಸುದ್ದಿ ಹೇಳಿದಾಗಿನಿಂದ ಅವಳ ದಾರ ಮೂರು ಸಲ ತುಂಡಾಗಿತ್ತು. ದಾರದ ಕಂಪನಿಯವರಿಗೆ ಚೆನ್ನಾಗಿ ಬೈದಿದ್ದಳು. ಅವನು ಹೋಗಿಬಿಟ್ಟರೆ ಇನ್ನು ಬೈಯುವುದು ಯಾರಿಗೆ ಎಂಬ ಸಂಕಟ ಮಾತ್ರ ಹಾಗೇ ಉಳಿದಿತ್ತು.

"ಹೇಗೆ ನಡೀತೀರಿ ನೀವು?" ಎಂದಳು. "ಹಳ್ಳಕ್ಕಿಳಿದು ನಿಂತ್ಕೊಂಡು ಅಳೀತೀರಾ?"

"ಹುಲ್ಲಲ್ಲಿ ನಡೆದೆ. ಇಬ್ಬನಿ ಇತ್ತು."

"ಇಬ್ಬನಿ ಅಂತೆ. ಪ್ಯಾಂಟನ್ನ ಬೂಟೊಳಗೆ ತುರುಕ್ಕೊಂಡಿದ್ರಾ?"

"ಇಲ್ಲ, ಹೊರಗೇ ಬಿಟ್ಟಿದ್ದೆ."

"ಸುಳ್ಳು. ತುರುಕಿರ್ತೀರಿ. ಪ್ಯಾಂಟಿಂದ ಸಾಕ್ಸಿಗೆ, ಸಾಕ್ಸಿಂದ ಕಾಲಿಗೆ ನೀರಿಳಿಯುತ್ತೆ. ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದಳಂತೆ."

ಅವನು ನಕ್ಕ. ಅವಳಿಗೆ ಮೈಯೆಲ್ಲ ಉರಿಯುವುದು ಇದಕ್ಕೇ. ಬೈಸಿಕೊಳ್ಳುವವನು ತಲೆ ತಗ್ಗಿಸಬೇಕು, ಇಲ್ಲವೇ ಜಗಳಕ್ಕೆ ಬರಬೇಕು. ಇವನು ಬಾಯಿ ಮುಚ್ಚಿಕೊಂಡು ಬರೀ ಕಣ್ಣಲ್ಲಿ ನಗುತ್ತಾನೆ, ಆ ನಗುವನ್ನು ಅವಳ ಹಣೆಯಿಂದ ಕೈಬೆರಳಿನವರೆಗೂ ನಿಧಾನವಾಗಿ ಇಳಿಸುತ್ತಾನೆ. ಅವಳು ಮೇಣ ಮೆತ್ತಿದ್ದ ಬೆರಳುಗಳನ್ನು ಏಪ್ರನ್ನಿಗೆ ಒರೆಸಿಕೊಂಡಳು.

"ಇವತ್ತು ನಿಮ್ಮ ಬಂಡವಾಳ ಬಯಲು ಮಾಡ್ತೀನಿ, ಇರಿ. ಬೂಟು ಸೋರುತ್ತೋ ಇಲ್ವೋ ನೋಡೋಕೆ ಹೊರಗಡೆ ನೀರು ಸುರೀಬಾರದು. ಒಳಗೆ ತುಂಬಿಸಿಡಬೇಕು."

"ಬೇಡ ಬಿಡಿ," ಎಂದ ಅವನು, ಮೊದಲ ಬಾರಿಗೆ ಗಾಬರಿಯಾಗಿ. "ಟೈಮಿಲ್ಲ. ಹಾಗೇ ಮೇಣ ಹಚ್ಚಿ ಕೊಟ್ಬಿಡಿ."

"ಯಾಕೆ, ಮರ್ಯಾದೆ ಹೋಗುತ್ತೆ ಅಂತಾನಾ?"

ಅವಳು ಬೂಟನ್ನು ಒರೆಸಿ, ಹಳೆಯ ಪೇಪರಿನ ಮೇಲಿಟ್ಟು, ಜಗ್ಗಿನಿಂದ ಕಣಕಾಲಿನ ಎತ್ತರದವರೆಗೆ ನೀರು ತುಂಬಿಸಿದಳು. ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ಎದ್ದು ಬಂದರು. ಮೂವರೂ ಬಗ್ಗಿ ನೋಡತೊಡಗಿದರು.

ಹಿಮ್ಮಡಿ ಒಣಗಿತ್ತು. ಮುಂಭಾಗವೂ ಒಣಗಿತ್ತು. ಅವಳು ಗೆದ್ದವಳಂತೆ ಹುಬ್ಬು ಹಾರಿಸುವಷ್ಟರಲ್ಲಿ ಲೇಸಿನ ಕೆಳಗಿನ ನಾಲಿಗೆಯ ಅಂಚಿನಲ್ಲಿ ಒಂದು ಹನಿ ಮೂಡಿತು. ಅದರ ಪಕ್ಕದಲ್ಲಿ ಇನ್ನೊಂದು, ಮತ್ತೊಂದು. ಒಟ್ಟು ಹದಿನಾಲ್ಕು ಹನಿ, ನೆಟ್ಟಗೆ ಒಂದೇ ಸಾಲು. ಅವಳ ಹೊಲಿಗೆ ಯಾವಾಗಲೂ ನೆಟ್ಟಗೇ ಇರುತ್ತದೆ.

ಆ ನಾಲಿಗೆ ಕಿತ್ತುಬಂದಿದೆ ಎಂದು ಅವನು ಮೊದಲ ಸಲ ಬಂದಾಗ ಹೊಲಿದವಳು ಅವಳೇ. ಚರ್ಮದ ಹಿಂದೆ ನೀರು ತಡೆಯುವ ತೆಳು ಪದರವಿರುತ್ತದೆ. ಅದನ್ನು ಚುಚ್ಚಿದರೆ ಒಂದೊಂದು ತೂತಿಗೂ ಒಳಗಿನಿಂದ ಅಂಟು ಬಳಿಯಬೇಕು. ಕೆಲಸ ಕಲಿಯುವವರಿಗೂ ಗೊತ್ತಿರುವ ಮಾತು. ಅಂದು ಅವನು ಎದುರಿಗೆ ನಿಂತು "ಇದಕ್ಕೇನಂತಾರೆ, ಅದಕ್ಕೇನಂತಾರೆ" ಎಂದು ಒಂದೊಂದೇ ಉಪಕರಣ ಎತ್ತಿ ತೋರಿಸುತ್ತಿದ್ದ. ಇವಳು ಅವನ ಮುಖ ನೋಡುತ್ತಾ ಅಂಟು ಮರೆತಿದ್ದಳು. ಆಮೇಲಿನ ಎರಡು ಸಲವೂ ಅಡಿ ಅಂಟಿಸಿ, ಮೇಣ ತಿಕ್ಕಿ, ಮುಖಕ್ಕೆ ಮಂಗಳಾರತಿ ಎತ್ತಿ ಕಳಿಸಿದ್ದಳು.

"ಊರಿಗೆಲ್ಲ ಬುದ್ಧಿ ಹೇಳೋಳು," ಎಂದು ಗೊಣಗಿ ದೊಡ್ಡಪ್ಪ ಮುಂದಿನ ಕುರ್ಚಿಗೆ ಹೋಗಿ, ಬೇಕೆಂದೇ ಬೆನ್ನು ತಿರುಗಿಸಿ ಕೂತರು.

ಅವಳು ಸರ್ವೇಯರ್ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತಾ?"

"ಎರಡನೇ ಸಲದಿಂದ. ರೂಮಲ್ಲಿ ನಾನೂ ನೀರು ತುಂಬಿಸಿ ನೋಡಿದ್ದೆ. ಹನಿ ಹನಿಗೂ ಆರೇ ಮಿಲಿಮೀಟರ್ ದೂರ. ಅಷ್ಟು ಅಚ್ಚುಕಟ್ಟಾಗಿ ಕಲ್ಲು ಮುಳ್ಳು ತೂತು ಮಾಡಲ್ಲ."

"ಹೇಳೋಕೇನು ಧಾಡಿ ನಿಮಗೆ? ನನ್ನ ಬಾಯಿಂದ ಅಷ್ಟೊಂದು ಅನ್ನಿಸ್ಕೊಂಡು, ಒದ್ದೆ ಕಾಲಲ್ಲಿ ತಿರುಗ್ತಾ ಇದ್ರಲ್ಲ?"

"ಹೇಳಿದ್ರೆ ಸರಿ ಮಾಡಿ ಕೊಟ್ಬಿಡ್ತಿದ್ರಿ. ಆಮೇಲೆ ಏನು ನೆಪ ಹೇಳ್ಕೊಂಡು ಬರ್ಲಿ?"

ಅವಳಿಗೆ ಸಿಟ್ಟು ಬಂತು. ಅವನ ಮೇಲೆ ಅರ್ಧ, ತನ್ನ ಮೇಲೆ ಪೂರ್ತಿ. ಗೋಡೆಯ ಗಡಿಯಾರದಲ್ಲಿ ಮೂರು ಇಪ್ಪತ್ತಾಗಿತ್ತು. ಅಂಟು ಹಿಡಿಯಲು ಒಂದು ಇಡೀ ದಿನ ಬೇಕು.

"ಪರವಾಗಿಲ್ಲ, ಹಾಗೇ ಕೊಡಿ," ಎಂದು ಅವನು ಕೈ ಚಾಚಿದ. "ಅಭ್ಯಾಸ ಆಗಿದೆ."

ಅವಳು ಕೊಡಲಿಲ್ಲ. ನೀರು ತುಂಬಿದ ಬೂಟನ್ನು ಎದೆಗವಚಿಕೊಂಡು ನಿಂತಳು. ಅರ್ಧ ನೀರು ಏಪ್ರನ್ನಿನ ಮೇಲೆ ಚೆಲ್ಲಿತು. 

"ತಪ್ಪು ನಂದು," ಎಂದಳು ಕೊನೆಗೆ.

"ಅಷ್ಟೇನಾ?"

"ಅಷ್ಟೇ ಅಲ್ಲ. ಎಂಟು ತಿಂಗಳು ನನ್ನ ಕೈಲಾಗಲ್ಲ."

"ಏನು ಕೈಲಾಗಲ್ಲ?"

"ನಿಮ್ಮನ್ನ ನೋಡ್ದೆ ಇರೋಕೆ. ಎಲ್ಲಾ ಬಿಡಿಸಿ ಹೇಳ್ಬೇಕು ನಿಮಗೆ. ಸರ್ವೇಯರ್ ಅಂತೆ, ಎದುರಿಗಿರೋದು ಕಾಣಲ್ಲ."

ಅವನ ಕಿವಿಗಳು ಕೆಂಪಾದವು. "ಕಾಣ್ತಿತ್ತು. ಬೈಗುಳವೋ ಪ್ರೀತಿಯೋ ಅಂತ ಗೊತ್ತಾಗ್ತಿರಲಿಲ್ಲ."

"ದಡ್ಡರಿಗೆ ಎರಡೂ ಒಂದೇ," ಎಂದಳು. ದನಿ ಮಾತ್ರ ಮೆತ್ತಗಾಗಿಬಿಟ್ಟಿತ್ತು. "ಈಗ ಕಾಲಲ್ಲಿರೋ ಕ್ಯಾನ್ವಾಸ್ ಶೂನಲ್ಲೇ ಬಸ್ಸು ಹತ್ತಿ. ಅಂಟು ಒಣಗಲಿ, ಬೂಟನ್ನ ನಾನೇ ಕ್ಯಾಂಪಿಗೆ ತಂದ್ಕೊಡ್ತೀನಿ."

"ಬಸ್ಸಿಳಿದು ಮೂರು ಗಂಟೆ ನಡೀಬೇಕು. ಬರೀ ಏರು, ಕೆಸರು."

"ನಡೀತೀನಿ."

ಅವನು ಅವಳ ಸವೆದ ರಬ್ಬರ್ ಚಪ್ಪಲಿ ನೋಡಿದ. "ನಿಮ್ಮ ಸೈಜ್ ಎಷ್ಟು?"

ಅವಳು ತನ್ನ ಕಾಲನ್ನು ತಾನೇ ಬಗ್ಗಿ ನೋಡಿಕೊಂಡಳು. ಹನ್ನೊಂದು ವರ್ಷದಿಂದ ಕಂಡವರ ಕಾಲನ್ನೆಲ್ಲ ಅಳೆದವಳು. ಈ ಪ್ರಶ್ನೆಯನ್ನು ಅವಳಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ.

ಅವನು ಜೇಬಿನಿಂದ ಟೇಪು ತೆಗೆದು ನೆಲದ ಮೇಲೆ ಮಂಡಿಯೂರಿದ. ಅವಳು ಚಪ್ಪಲಿ ಬಿಟ್ಟು ಪೇಪರಿನ ಮೇಲೆ ಕಾಲಿಟ್ಟಳು. ಅವನು ಅಳತೆ ಬರೆದುಕೊಂಡ.

"ಆಯ್ತಲ್ಲ, ಏಳಿ, ಬಸ್ಸು ತಪ್ಪುತ್ತೆ."

"ಇನ್ನೂ ಒಂದು ಕಾಲು ಬಾಕಿ ಇದೆ," ಎಂದ. ಅವಳು ಅದನ್ನೂ ಮುಂದಿಟ್ಟಳು.