ಜೀನ್ಸ್ ದಾರದ ಹೊಲಿಗೆ

ಗಂಡನ ಅಪರಕರ್ಮಗಳೆಲ್ಲ ಮುಗಿದು ನೆಂಟರು ತಮ್ಮ ತಮ್ಮ ಊರು ಸೇರಿದ್ದರು. ೨೦೧೫ರ ಜುಲೈ ೬, ಸೋಮವಾರ. ಹೆಡ್ ಕಾನ್‌ಸ್ಟೇಬಲ್ ಮಂಜುಳ ಎಂದಿನಂತೆ ಹಾಲು ಕಾಯಿಸಿ, ಖಾಕಿ ತೊಟ್ಟು ಆಂಧ್ರದ ಗಡಿಯ ರಾಯದುರ್ಗ ಠಾಣೆಗೆ ನಡೆದಳು. ಬೀದಿಯುದ್ದಕ್ಕೂ ಜೀನ್ಸ್ ಹೊಲಿಯುವ ಮಿಷನ್ನುಗಳ ಸದ್ದು. ಅವಳಿಗೆ ಇನ್ನೂ ಅಳು ಬಂದಿರಲಿಲ್ಲ.

ಬೈಕ್ ಅಪಘಾತದಲ್ಲಿ ತೀರಿಕೊಂಡ ಶಿವಶಂಕರ ಪಿ.ಜಿ. ಸೆಂಟರಿನಲ್ಲಿ ಲೆಕ್ಚರರ್. ವಿದ್ಯಾರ್ಥಿಗಳ ನಡುವಿನ ಲೈಂಗಿಕ ದೌರ್ಜನ್ಯ ತಡೆಯುವುದು ಹೇಗೆಂದು ಸಂಶೋಧನೆ ನಡೆಸುತ್ತಿದ್ದ. ಎಂ.ಎ. ಓದಿದ್ದ ಮಂಜುಳಗೆ ಆ ಕೆಲಸದ ಬಗ್ಗೆ ಹೆಮ್ಮೆಯಿತ್ತು.

ಹತ್ತೂವರೆಗೆ ಮಡಕಶಿರದ ಸುಶ್ಮಿತಾ ಬಂದಳು. ಅದೇ ಸೆಂಟರಿನಲ್ಲಿ ಎಂ.ಎ. ಎರಡನೇ ವರ್ಷ. ತನ್ನ ಮೇಲಾದ ಲೈಂಗಿಕ ದೌರ್ಜನ್ಯವನ್ನು ಅವಳು ಕನ್ನಡದಲ್ಲಿ ಹೇಳಿದಳು, ಮಂಜುಳ ತೆಲುಗಿನಲ್ಲಿ ಬರೆದುಕೊಂಡಳು. ಆರೋಪಿ ಈಶ್ವರ್, ಅದೇ ಸಂಶೋಧನೆಯ ಸಹಾಯಕ. ಸ್ಥಳ, ಸೆಮಿನಾರ್ ಕೋಣೆ.

"ಇಷ್ಟು ದಿನ ಯಾಕ ಬರಲಿಲ್ಲ?"

"ಶಿವಶಂಕರ್ ಸಾರ್‌ಗೆ ಹೇಳಿದ್ದೆ ಮೇಡಂ. ರಿಸರ್ಚ್ ರಿಪೋರ್ಟ್ ಹೋಗೋಗಂಟ ತಡಿಯಮ್ಮ ಅಂದ್ರು. ಹರಿದಿದ್ದ ಚೂಡಿದಾರ್ ಟಾಪು ಕಾಲೇಜ್ ಕಮಿಟಿಗೆ ತೋರ್ಸಿ ವಾಪಸ್ ಕೊಡ್ತೀನಿ ಅಂತ ಇಸ್ಕಂಡ್ರು. ಆಮೇಲೆ ಅವರೇ ಹೋಗ್ಬುಟ್ರು."

"ಬಣ್ಣ?"

"ಹಸಿರು. ಎಡಗಡೆ ತೋಳು ಕಿತ್ತೋಗಿತ್ತು."

ಮಂಜುಳಳ ಪೆನ್ನು ನಿಂತಿತು. ಹೇಳಿಕೆ ಮುಗಿಸಿ, ಸಹಿ ಹಾಕಿಸಿ, ಇನ್‌ಸ್ಪೆಕ್ಟರ್ ಲಕ್ಷ್ಮೀನರಸಪ್ಪನವರ ಕೋಣೆಗೆ ಹೋದಳು.

"ಆ ಟಾಪು ನಮ್ಮ ಮನ್ಯಾಗೈತಿ ಸಾರ್. ನಾಟಕಕ್ಕಂತ ಎರವಲು ತಂದೀನಿ, ತೋಳು ಹೊಲದು ಕೊಡು ಅಂದಿದ್ರು. ಒಗದು ಹೊಲದೆ."

"ಒಗದ್ರಾ? ಪೊಲೀಸರಲ್ಲೇನ್ರಿ ನೀವು?"

ಅವಳು ಹೇಳಿಕೆಯ ಹಾಳೆಯನ್ನು ಮೇಜಿನ ಮೇಲಿಟ್ಟಳು. ಇನ್‌ಸ್ಪೆಕ್ಟರ್ ದನಿ ಇಳಿಸಿದರು. "ಹೋದೋರ ಹೆಸರು ಯಾಕ ಕೆಡಸ್ತೀರಿ? ಕಾಲೇಜಿನಾಗ ಸಿಕ್ತು ಅಂತ ಬರಕಂಡ್ರಾತು."

"ಆಗ ತೋಳು ಹರದಿತ್ತು ಅನ್ನಾಕ ಸಾಕ್ಷಿ ಯಾರು ಸಾರ್? ನೋಡಿದಾಕಿ ನಾನೊಬ್ಬಾಕಿ. ಇದ್ದದ್ದು ಇದ್ದಂಗ ಬರೀರಿ."

FIR ದಾಖಲಾಯಿತು. ಮಂಜುಳ ಸಾಕ್ಷಿಯಾದ್ದರಿಂದ ತನಿಖೆಯನ್ನು ಇನ್‌ಸ್ಪೆಕ್ಟರೇ ಕೈಗೆತ್ತಿಕೊಂಡರು. ಮಧ್ಯಾಹ್ನ ಅವಳ ಮನೆಯಲ್ಲೇ ಪಂಚನಾಮೆ ನಡೆಯಿತು. ಹಸಿರು ಬಟ್ಟೆಯ ತೋಳಿನಲ್ಲಿ ಜೀನ್ಸಿಗೆ ಹಾಕುವ ದಪ್ಪ ಹಳದಿ ದಾರ. ಅವತ್ತು ಮನೆಯಲ್ಲೇ ಜೀನ್ಸ್ ಹೊಲಿಯುವ ಅತ್ತೆಯ ಮಿಷನ್ನಿಗೆ ಪೋಣಿಸಿದ್ದ ದಾರ ಅದು. ಅತ್ತೆ ಮಿಷನ್ ನಿಲ್ಲಿಸಲಿಲ್ಲ.

"ಒಂದು ಅಂಗಿ ಒಯ್ಯಾಕ ಇಷ್ಟು ಮಂದಿ ಬೇಕೇನವ್ವಾ?" ಎಂದಷ್ಟೇ ಕೇಳಿದಳು.

ಈಶ್ವರ್ ಊರಲ್ಲಿರಲಿಲ್ಲ. ಮರುದಿನ ಸಂಜೆ ಅವನು ಸಿಕ್ಕಿದ್ದು ಮಡಕಶಿರದಲ್ಲಿ, ಸುಶ್ಮಿತಾಳ ಮನೆಯ ಜಗುಲಿಯ ಮೇಲೆ. ಪಕ್ಕದಲ್ಲಿ ತಟ್ಟೆ ತುಂಬ ಹಣ್ಣು.

"ಏನಪ್ಪಾ, ಹೆಣ್ಣು ನೋಡಾಕ ಬಂದೀಯಾ?" ಎಂದರು ಇನ್‌ಸ್ಪೆಕ್ಟರ್.

ಹಿಂದೂಪುರದ ಗಾರ್ಮೆಂಟ್ಸ್ ಫ್ಯಾಕ್ಟರಿಯ ಬಸ್ಸು ಇಳಿದು ಬಂದಿದ್ದ ಸುಶ್ಮಿತಾಳ ತಾಯಿ ಸುಂಕಲಮ್ಮ ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ. "ಮದ್ವೆ ಆಯ್ತೀನಿ, ಕೇಸು ವಾಪಸ್ ತಗಳ್ಳಿ ಅಂತವ್ನೆ ಸಾರ್. ನಮ್ಮನೇಲೇ ಟೀ ಕುಡುದ್ಬುಟ್ಟು ಹೇಳ್ತವ್ನೆ. ಎಳ್ಕಂಡೋಗಿ."

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಕೇಳಿದ್ದು ಪಕ್ಕದ ಕೋಣೆಯಲ್ಲಿದ್ದ ಮಂಜುಳಗೂ ಕೇಳಿಸಿತು.

"ಆ ಹುಡುಗೀನೇ ಯಾಕ?"

ಈಶ್ವರ್ ಹೇಳತೊಡಗಿದ. "ರಿಸರ್ಚಿನ ಚರ್ಚೆ ನಾನೇ ನಡಸ್ತಿದ್ದೆ ಸಾರ್. ಇಂಥಾದ್ದು ಆದ್ರ ಯಾರಿಗೆ ಹೇಳ್ತೀರಿ ಅಂತ ಎಲ್ಲಾರ್ನೂ ಕೇಳ್ಬೇಕಿತ್ತು. ಯಾರಿಗೂ ಹೇಳಲ್ಲ, ಹೇಳಿದ್ರ ಓದು ಬಿಡಿಸಿ ಗಾರ್ಮೆಂಟ್ಸಿಗೆ ಕಳಸ್ತಾರ ಅಂದಾಕಿ ಆಕಿ ಒಬ್ಬಾಕೀನ."

ಆ ಪ್ರಶ್ನೆ ಬರೆದವನು ಶಿವಶಂಕರ. ಹುಡುಗಿಯರು ಹೆದರದೆ ಉತ್ತರಿಸುವಂತೆ ಅದನ್ನು ತಿದ್ದಿಕೊಟ್ಟವಳು ಮಂಜುಳ.

ಕೋರ್ಟಿನಲ್ಲಿ ಅವಳು ಗಂಡನ ಹೆಸರು ಹೇಳಿ ಸಾಕ್ಷಿ ನುಡಿದಳು. ಈಶ್ವರನಿಗೆ ಶಿಕ್ಷೆಯಾಯಿತು. ಸಾಕ್ಷ್ಯದ ವಸ್ತು ಹಿಂದಿರುಗಿಸುವ ಆದೇಶ ಬಂದ ದಿನ ಮಂಜುಳ ಟಾಪನ್ನು ಕಾಗದದಲ್ಲಿ ಸುತ್ತಿಕೊಂಡು ಮಡಕಶಿರದ ಬಸ್ಸು ಹತ್ತಿದಳು.

"ನಮ್ಮ ಮನ್ಯಾರು ಎರವಲು ತಂದಿದ್ರು," ಎಂದು ಎರಡೂ ಕೈಯಿಂದ ಕೊಟ್ಟಳು.

ಸುಶ್ಮಿತಾ ತೋಳು ಬಿಡಿಸಿ, ಹಳದಿ ಹೊಲಿಗೆಯನ್ನು ಎರಡೂ ಕಡೆಯಿಂದ ಹಿಡಿದು ಜಗ್ಗಿದಳು. ಅದು ಬಿಡಲಿಲ್ಲ.

"ಗಟ್ಟಿಯಾಗೇ ಹೊಲ್ದಿದೀರ ಮೇಡಂ," ಎಂದಳು.