ಓದದೆ ಅಳಿಸಬೇಡ

ಗುರುವಾರ ಬೆಳಿಗ್ಗೆ 10.20ಕ್ಕೆ ಕ್ರೇನ್ ಆಪರೇಟರನ ಹೆಂಡತಿ ಠಾಣೆಗೆ ಬಂದಳು. ಹೊಲಿಗೆ ಯಂತ್ರದ ಮುಂದಿನಿಂದ ನೇರವಾಗಿ ಎದ್ದು ಬಂದಿದ್ದಳೇನೋ, ಅಳತೆ ಟೇಪು ಕೊರಳಲ್ಲಿ ಹಾಗೇ ಇತ್ತು. ಕೈಯಲ್ಲಿ ಎರಡು ಪುಟದ ದೂರು.

“ನಮ್ಮನೆಯವ್ರನ್ನ ಒಳಗೆ ಹಾಕಿ ಹದಿನೈದು ದಿನ ಆಯ್ತು ಸಾರ್. ಅವರದ್ದು ತಪ್ಪಿಲ್ಲ ಅಂತ ಹೇಳೋ ಲ್ಯಾಪ್‌ಟಾಪನ್ನ ಯಾರೋ ಬೇಕಂತಲೇ ಕೊಂದಿದಾರೆ.”

“ಅದು ತಾನಾಗೇ ಕೆಟ್ಟಿದ್ದಮ್ಮ. ಬೋರ್ಡ್ ಸುಟ್ಟಿದೆ ಅಂತ ಸೈಟ್ ಮ್ಯಾನೇಜರ್ ಬರೆದುಕೊಟ್ಟಿದಾರೆ.”

“ಅವರು ಬರೆದ್ರು, ನೀವು ನಂಬಿದ್ರಿ. ಬಿಚ್ಚಿ ನೋಡಿದೋರು ಯಾರು?”

ಇನ್‌ಸ್ಪೆಕ್ಟರಿಗೆ ಸಿಟ್ಟು ನೆತ್ತಿಗೇರಿತು. ತಪ್ಪು ತನ್ನದೇ ಎಂದು ಗೊತ್ತಾದಾಗ ಬರುವ ಸಿಟ್ಟು ಅದು. ಬಿಚ್ಚಿ ನೋಡಿದವರು ಯಾರೂ ಇರಲಿಲ್ಲ. ಲ್ಯಾಪ್‌ಟಾಪ್ ಮೊಹರಾಗಿ ಮುದ್ದೆಮಾಲು ಕೋಣೆಯ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು.

ಪ್ರಕರಣ ಇಷ್ಟು. ಕಟ್ಟಡದ ಕೆಲಸದಲ್ಲಿ ಉಕ್ಕಿನ ತೊಲೆ ಬಿದ್ದು, ಕೆಳಗೆ ನಿಂತು ಸನ್ನೆ ತೋರಿಸುತ್ತಿದ್ದ ಯುವಕ ಸತ್ತಿದ್ದ. ಭಾರ ಮಿತಿ ಮೀರಿದರೆ ಕ್ರೇನ್ ತಾನೇ ನಿಲ್ಲಬೇಕು. ನಿಲ್ಲದಂತೆ ಮಾಡುವ ಬೀಗ ಕ್ರೇನಿನ ಬುಡದ ಪೆಟ್ಟಿಗೆಯಲ್ಲಿದೆ. ಒಂದನೇ ನಂಬರಿನ ಕೀಲಿ ಆಪರೇಟರನ ಬಳಿ, ಎರಡನೆಯದು ಸತ್ತವನ ಬಳಿ. ಎರಡನೆಯದು ಸಿಕ್ಕಿರಲಿಲ್ಲ, ತೊಲೆಯಡಿ ಹೂತುಹೋಗಿರಬಹುದೆಂದು ಪಂಚನಾಮೆಯಲ್ಲಿ ಬರೆದಿದ್ದರು. ಯಾವ ಕೀಲಿ ಎಷ್ಟು ಹೊತ್ತಿಗೆ ತಿರುಗಿತು ಎಂಬುದು ಸೈಟ್ ಆಫೀಸಿನ ಆ ಲ್ಯಾಪ್‌ಟಾಪಿನಲ್ಲಿ ಮಾತ್ರ ದಾಖಲಾಗುತ್ತಿತ್ತು. ಸೋಮವಾರ ಆಪರೇಟರನ ಜಾಮೀನು ವಿಚಾರಣೆ.

10.55ಕ್ಕೆ ಸಾಕ್ಷ್ಯನಾಶದ ಎಫ್‌ಐಆರ್ ದಾಖಲಾಯಿತು. ಸರ್ಕಾರಿ ಪ್ರಯೋಗಾಲಯಕ್ಕೆ ಫೋನು ಮಾಡಿದರೆ ಮೂರು ತಿಂಗಳು ಕಾಯಿರಿ ಎಂದರು. ಪಂಚರ ಮುಂದೆ ಹೊರಗಿನ ತಜ್ಞರಿಂದ ದಾಖಲೆ ತೆಗೆಸಲು ನ್ಯಾಯಾಲಯದ ಅನುಮತಿ ಪಡೆಯುವಷ್ಟರಲ್ಲಿ ಸಂಜೆಯಾಯಿತು.

ಶುಕ್ರವಾರ ಬೆಳಿಗ್ಗೆ 9.30. ಊರಿನ ರಿಪೇರಿಯವರೆಲ್ಲ ಭೂತಕನ್ನಡಿ ಅಕ್ಕ ಎಂದು ಕರೆಯುವ ಹೆಂಗಸಿನ ಮೇಜು. ಹಣೆಗೆ ಕಟ್ಟಿದ ಭೂತಕನ್ನಡಿಯನ್ನು ಕಣ್ಣಿಗೆ ಇಳಿಸಿಕೊಂಡು ಆಕೆ ಲ್ಯಾಪ್‌ಟಾಪಿನ ಹಿಂಬದಿ ಬಿಚ್ಚಿ, ಬ್ಯಾಟರಿ ಕಳಚಿದಳು. ಇನ್‌ಸ್ಪೆಕ್ಟರ ಜೊತೆ ಬಂದಿದ್ದ ದಫೇದಾರರು ಬಾಗಿ ಇಣುಕಿದರು.

“ದಫೇದಾರ್ರೇ, ಉಸಿರು ಸ್ವಲ್ಪ ಆ ಕಡೆ ಬಿಡಿ. ಬೋರ್ಡು ಸುಟ್ಟಿಲ್ಲ. ಇಗೋ, ಈ ಚಿಪ್ ನೋಡಿ.”

ಅಕ್ಕಿಕಾಳಿಗಿಂತ ತುಸು ದೊಡ್ಡದು, ಎಂಟು ಲೋಹದ ಕಾಲುಗಳು. ಗುಂಡಿ ಒತ್ತಿದ ಕೂಡಲೇ ಯಂತ್ರ ಮೊದಲು ಓದುವ ಫರ್ಮ್‌ವೇರ್ ಇರುವುದು ಅದರೊಳಗೆ. ಅಕ್ಕ ಅದರ ಮೇಲೆ ಕ್ಲಿಪ್ ಕಚ್ಚಿಸಿ, ತನ್ನ ಕಂಪ್ಯೂಟರಿಗೆ ಜೋಡಿಸಿ ಓದಿಸಿದಳು. ಪರದೆಯ ತುಂಬ ಎಫ್ ಎಫ್ ಎಫ್ ಎಫ್, ಮೇಲಿಂದ ಕೆಳಗೆ ಅದೇ.

“ಏನಿದು?” ಎಂದರು ಇನ್‌ಸ್ಪೆಕ್ಟರು.

“ಖಾಲಿ. ಚಿಪ್ ತಾನಾಗೇ ಕೆಟ್ಟಿದ್ರೆ ಅಲ್ಲೊಂದು ಇಲ್ಲೊಂದು ತಪ್ಪು ಇರೋದು. ಇದನ್ನ ಗುಡಿಸಿ ಒರೆಸಿ ಹೋಗಿದಾರೆ.”

“ಹೊಸದು ತುಂಬೋಕಾಗಲ್ವಾ?”

“ತುಂಬಿದ್ರೆ ದೀಪ ಹತ್ತುತ್ತೆ. ಆದ್ರೆ ಡಿಸ್ಕಿಗೆ ಬೀಗ ಇದೆ. ಆ ಬೀಗದ ಕೈ ಹಳೇ ಫರ್ಮ್‌ವೇರ್ ಜೊತೆ ಇದೇ ಚಿಪ್‌ನಲ್ಲಿತ್ತು. ಅದೇ ಬೇಕು, ಅದರ ಅಣ್ಣ ತಮ್ಮ ಆಗಲ್ಲ.”

ಇಷ್ಟು ಹೇಳಿದವಳು ಮತ್ತೆ ಚಿಪ್ಪಿನ ಮೇಲೆ ಬಾಗಿದಳು. ಚಿಪ್ಪಿನ ಒಂದನೇ ಕಾಲಿನ ಪಕ್ಕ ಸೂಜಿಮೊನೆಯಷ್ಟು ಬಿಳಿ ಚುಕ್ಕೆ.

“ಏನು ಕಂಡಿತು?”

“ಕ್ಲಿಪ್ ತಿರುವುಮುರುವು ಕೂತ್ರೆ ಚಿಪ್ ಹೋಗುತ್ತೆ. ಅದಕ್ಕೆ ಈ ಚುಕ್ಕೆ ಇಡೋದು. ಇದು ನನ್ನ ಪಾಠ ಇನ್ಸ್‌ಪೆಕ್ಟ್ರೇ. ನನ್ನ ಹತ್ರ ಕಲಿತೋರು ಬಿಟ್ರೆ ಊರಲ್ಲಿ ಯಾರೂ ಇಡಲ್ಲ.”

ಇನ್‌ಸ್ಪೆಕ್ಟರು ಸೈಟಿನ ಗೇಟು ಪುಸ್ತಕದ ನಕಲನ್ನು ಮುಂದೆ ಇಟ್ಟರು. ಅಪಘಾತದ ಮರುದಿನ 11.10ಕ್ಕೆ ಒಳಗೆ, 12.05ಕ್ಕೆ ಹೊರಗೆ, ಕಂಪ್ಯೂಟರ್ ರಿಪೇರಿ. ಸಹಿ ನೋಡಿದ್ದೇ ಅಕ್ಕನ ಮುಖ ಕಪ್ಪಿಟ್ಟಿತು.

“ಮೌನಿ. ಮಾತು ಕಮ್ಮಿ ಅಂತ ನಾನೇ ಇಟ್ಟ ಹೆಸರು. ಆ ಸೈಟಿನ ಕಂಪ್ಯೂಟರೆಲ್ಲ ನೋಡ್ಕೊಳ್ಳೋದು ಅವನೇ. ಸತ್ತೋನು ಅವನ ತಮ್ಮ.”

ತಮ್ಮನನ್ನು ಕೊಂದವನು ಹೊರಬರಬಾರದು ಎಂಬ ಹಗೆ. ಇನ್‌ಸ್ಪೆಕ್ಟರು ಮನಸ್ಸಿನಲ್ಲೇ ದೋಷಾರೋಪ ಪಟ್ಟಿ ಬರೆದೂ ಮುಗಿಸಿದರು. “ಆದ್ರೆ ಅಳಿಸಿದ್ದು ಅಳಿಸಿಹೋಯ್ತಲ್ಲ,” ಎಂದರು.

“ಇಲ್ಲ,” ಎಂದಳು ಅಕ್ಕ. “ಅವನತ್ರ ಪ್ರತಿ ಇರುತ್ತೆ. ಎರಡು ಸಲ ಓದು, ಎರಡನ್ನೂ ಹೋಲಿಸು, ಉಳಿಸು, ಆಮೇಲೆ ಅಳಿಸು. ಓದದೆ ಅಳಿಸಿದ ಕೈಗೆ ನಾನು ಏಟು ಕೊಟ್ಟಿದೀನಿ. ಕೈಗೆ ಬಿದ್ದ ಅಭ್ಯಾಸ, ಕೆಟ್ಟ ಕೆಲಸದಲ್ಲೂ ಬಿಡಲ್ಲ. ಬೇಗ ಹೋಗಿ. ಒಂದು ಗುಂಡಿ ಒತ್ತಿದ್ರೆ ಮುಗೀತು.”

ಶೋಧನಾ ವಾರಂಟು ಕೈಗೆ ಬರುವಷ್ಟರಲ್ಲಿ 2.15. ಅಂಗಡಿ ತಲುಪಿದಾಗ 2.40. ಪಕ್ಕದ ಕನ್ನಡಕದಂಗಡಿಯವನೂ ಜೆರಾಕ್ಸಿನವನೂ ಪಂಚರು. ಮೌನಿ ಮಾನಿಟರಿನ ಮುಂದೆ ಕೂತಿದ್ದ, ಬಲಗೈ ಮೌಸಿನ ಮೇಲೆ. ಪರದೆಯಲ್ಲಿ ಒಂದು ಪುಟ್ಟ ಚೌಕ: ಶಾಶ್ವತವಾಗಿ ಅಳಿಸಬೇಕೇ?

ಬಾಗಿಲಿಗೂ ಮೇಜಿಗೂ ನಡುವೆ ಆರು ಹೆಜ್ಜೆ, ಅದರಲ್ಲಿ ಮೂರರಷ್ಟು ಜಾಗವನ್ನು ಹಳೇ ಪ್ರಿಂಟರುಗಳು ತಿಂದಿದ್ದವು.

“ಕೈ ತೆಗಿ.”

“ಸಾರ್...”

“ಕೈ ತೆಗಿ ಅಂದೆ.”

ಬೆರಳು ಅಲುಗಲಿಲ್ಲ. ಕಂಪ್ಯೂಟರೆಂದರೆ ಮಾರುದೂರ ನಿಲ್ಲುವ ದಫೇದಾರರು ಅದು ಹೇಗೆ ಪ್ರಿಂಟರು ದಾಟಿದರೋ, ಮೌಸಿನ ವೈರು ಹಿಡಿದು ಕಿತ್ತೇಬಿಟ್ಟರು. ಮೌನಿ ಎರಡೂ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡ. ಅವನ ಮುಖದಲ್ಲಿ ಕಂಡದ್ದು ಭಯವಲ್ಲ, ಹೊರೆ ಇಳಿಸಿದವನ ಸುಸ್ತು.

ಫೋಲ್ಡರಿನಲ್ಲಿ ಎರಡು ಫೈಲು, ಎರಡರ ಹೆಸರಲ್ಲೂ ಆ ಲ್ಯಾಪ್‌ಟಾಪಿನ ಸೀರಿಯಲ್ ನಂಬರು. ಓದಿದ್ದು ಅಪಘಾತದ ಮರುದಿನ 11.38 ಮತ್ತು 11.44ಕ್ಕೆ. ನಕಲು ತೆಗೆದು, ಮೊಹರು ಮಾಡಿ, ಪಂಚರ ಸಹಿ ಪಡೆಯಲಾಯಿತು.

4.05ಕ್ಕೆ ಮತ್ತೆ ಅಕ್ಕನ ಮೇಜು. ಹೊರಗಿನ ಬೆಂಚಿನಲ್ಲಿ ಆಪರೇಟರನ ಹೆಂಡತಿ, ಒಳಗೆ ಪಾಸ್‌ವರ್ಡು ಹೇಳಲು ಬಂದ ಸೈಟ್ ಮ್ಯಾನೇಜರ್. ಅಕ್ಕ ಹಳೇ ಫರ್ಮ್‌ವೇರನ್ನು ಚಿಪ್ಪಿಗೆ ಬರೆಸಿದಳು. ಬರೆದದ್ದನ್ನು ಓದಿಸಿ ಫೈಲಿನೊಂದಿಗೆ ಹೋಲಿಸಿದಳು. ವ್ಯತ್ಯಾಸವಿಲ್ಲ. ಕ್ಲಿಪ್ ತೆಗೆದು, ಬ್ಯಾಟರಿ ಸಿಕ್ಕಿಸಿ, ಗುಂಡಿ ಒತ್ತಿದಳು.

ಫ್ಯಾನು ತಿರುಗಿತು. ಪರದೆ ಕಪ್ಪು. ಇಪ್ಪತ್ತು ಸೆಕೆಂಡು. ನಲವತ್ತು.

“ಸತ್ತೇ ಹೋಯ್ತಾ?” ಎಂದರು ದಫೇದಾರರು.

“ಬಾಯಲ್ಲಿ ಒಳ್ಳೇ ಮಾತು ಬರಲ್ವಾ ನಿಮಗೆ?”

ಒಂದು ನಿಮಿಷದ ಮೇಲೆ ಪರದೆ ಬೆಳಗಿತು. ಬೀಗದ ಕೈ ಕೇಳಲಿಲ್ಲ, ಪಾಸ್‌ವರ್ಡು ಮಾತ್ರ ಕೇಳಿತು. ಮ್ಯಾನೇಜರ್ ಕ್ರೇನಿನ ದಾಖಲೆ ತೆರೆದ. ಇನ್‌ಸ್ಪೆಕ್ಟರು ಬೆರಳಿಟ್ಟು ಓದಿದರು.

3.09, ಭಾರ ಮಿತಿ ಮೀರಿದೆ, ಕ್ರೇನ್ ನಿಂತಿದೆ. 3.11, ಮಿತಿ ರದ್ದು, ಕೀಲಿ ನಂಬರ್ ಎರಡು. 3.12, ಎತ್ತುವಿಕೆ.

ಎರಡು ಎಂದರೆ ಸತ್ತವನದು. ಮೇಲೆ ಕೂತ ಆಪರೇಟರನಿಗೆ ಕಂಡದ್ದು ಆರಿದ ಕೆಂಪು ದೀಪ ಮತ್ತು ಎತ್ತು ಎಂಬ ಸನ್ನೆ. ಭಾರ ಇಳಿಸಿದ್ದಾರೆ ಎಂದುಕೊಂಡು ಎತ್ತಿದ್ದ. ಇನ್‌ಸ್ಪೆಕ್ಟರು ಹೊರಗೆ ಹೋಗಿ ಆಕೆಗೆ ಹೇಳಿದರು. ಆಕೆ ಕೊರಳ ಟೇಪನ್ನು ಬೆರಳಿಗೆ ಸುತ್ತಿ ಸುತ್ತಿ ಬಿಕ್ಕಿ ಬಿಕ್ಕಿ ಅತ್ತಳು.

5.45ಕ್ಕೆ ಮೌನಿಯ ಬಂಧನ. 6.10ಕ್ಕೆ ಹೇಳಿಕೆ.

“ದಾಖಲೆ ನೋಡಿಯೇ ಅಳಿಸಿದ್ದಾ?”

“ಹೌದು ಸಾರ್. ಪ್ರತಿ ತೆಗೆದುಕೊಡು ಅಂತ ಮ್ಯಾನೇಜರ್ ಕರೆಸಿದ್ರು. ತೆರೆದು ನೋಡಿದೆ. ಎರಡನೇ ನಂಬರು. ಅಳಿಸಿ, ಬೋರ್ಡ್ ಸುಟ್ಟಿದೆ ಅಂತ ಅವರಿಗೆ ಹೇಳಿಬಿಟ್ಟೆ.”

“ಆಪರೇಟರನ ಮೇಲೆ ಹಗೆಯಿತ್ತಾ?”

“ಇಲ್ಲ ಸಾರ್. ಪಾಪದ ಮನುಷ್ಯ. ತಮ್ಮ ತಪ್ಪು ಮಾಡಿದ್ನಾ ಅಂತ ನಮ್ಮಮ್ಮ ಕೇಳಿದ್ಲು. ಇಲ್ಲಮ್ಮ ಅಂದುಬಿಟ್ಟೆ. ದಿನಾ ಕೇಳ್ತಾಳೆ, ದಿನಾ ಇಲ್ಲ ಅಂತೀನಿ.”

“ಹಾಗಾದ್ರೆ ಆ ಫೈಲು ಯಾಕೆ ಇಟ್ಕೊಂಡೆ?”

“ಓದಿದ್ದು ಅಭ್ಯಾಸಬಲ. ಆಮೇಲೆ ಅಳಿಸೋಕೆ ಹೋದಾಗೆಲ್ಲ ಆ ಆಪರೇಟರ್ ಹೆಂಡ್ತಿ ಕಣ್ಣಮುಂದೆ ಬರೋರು. ಹದಿನಾಲ್ಕು ದಿನ ಆ ಚೌಕ ತೆರೆದು ಕೂತಿದೀನಿ ಸಾರ್. ಇಟ್ಕೊಳ್ಳೋ ಧೈರ್ಯಾನೂ ಇಲ್ಲ, ಅಳಿಸೋ ಧೈರ್ಯಾನೂ ಇಲ್ಲ.”

ಶನಿವಾರ ಬೆಳಿಗ್ಗೆ 9.30ಕ್ಕೆ ಮೌನಿಯ ತಾಯಿ ಠಾಣೆಗೆ ಬಂದಳು. ಗಿಡ್ಡನೆಯ ಹೆಂಗಸು, ಎರಡು ಕೈಯಲ್ಲೂ ಒಂದು ಪರ್ಸು ಹಿಡಿದಿದ್ದಳು.

“ದೊಡ್ಡೋನು ಏನು ಮಾಡ್ದ ಸಾರ್?”

ಇನ್‌ಸ್ಪೆಕ್ಟರು ಎದುರಿನ ಕುರ್ಚಿ ತೋರಿಸಿ, ಕೂತ ಮೇಲೆ ಹೇಳಿದರು. “ಚಿಕ್ಕೋನ ತಪ್ಪು ಮುಚ್ಚಿಟ್ಟನಮ್ಮ. ನಿಮಗೆ ಗೊತ್ತಾಗಬಾರದು ಅಂತ.”

ಅವಳು ಅಳಲಿಲ್ಲ. ಪರ್ಸು ತೆರೆದು, ಕರವಸ್ತ್ರದ ಗಂಟು ಬಿಚ್ಚಿ, ಹಳದಿ ಹಿಡಿಯ ಒಂದು ಕೀಲಿಯನ್ನು ಮೇಜಿನ ಮೇಲಿಟ್ಟಳು. ಹಿಡಿಯ ಮೇಲೆ ಎರಡು ಎಂದು ಕೊರೆದಿತ್ತು.

“ಆಸ್ಪತ್ರೆಯವರು ಬಟ್ಟೆ ಕೊಟ್ರಲ್ಲ, ಆವತ್ತು ಅವನ ಮುಷ್ಟಿಯಲ್ಲಿತ್ತು ಅಂತ ಇದನ್ನೂ ಕೊಟ್ರು. ಕ್ರೇನ್ ನಿಲ್ಲದ ಹಾಗೆ ಮಾಡೋ ಕೀಲಿ ಇದು ಅಂತ ಅವನೇ ಒಂದ್ಸಲ ತೋರಿಸಿದ್ದ. ಆವತ್ತೇ ನನಗೆ ಗೊತ್ತಾಯ್ತು.”

“ಮತ್ತೆ ಅವನನ್ನ ದಿನಾ ಕೇಳ್ತಿದ್ರಂತೆ?”

“ಮಾತೇ ಆಡದ ಮಗ ಸಾರ್ ಅವನು. ನಿಜ ಅವನೂ ಒಂದ್ಸಲ ಹೇಳಲಿ, ಇಬ್ಬರೂ ಕೂತು ಅತ್ತುಬಿಡೋಣ ಅಂತ ಕೇಳ್ತಿದ್ದೆ.”

ದಫೇದಾರರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಇನ್‌ಸ್ಪೆಕ್ಟರು ಮೊದಲು ಲಾಕಪ್ಪಿನಿಂದ ಮೌನಿಯನ್ನು ಕರೆಸಿ ತಾಯಿಯ ಪಕ್ಕ ಕೂರಿಸಿದರು. ಕೀಲಿಯ ಜಪ್ತಿಗೆ ಪಂಚರನ್ನು ಹತ್ತೂವರೆಯ ಮೇಲೆ ಕರೆದರೆ ಸಾಕು ಎಂದು ಹೇಳಿ, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ನಿಂತರು.